ಗಂಗೇಶೋಪಾಧ್ಯಾಯ

ಗಂಗೇಶೋಪಾಧ್ಯಾಯನು 14ನೆಯ ಶತಮಾನದಲ್ಲಿ ಮಿಥಿಲೆಯಲ್ಲಿ (ಇಂದಿನ ಬಿಹಾರದ ಉತ್ತರಭಾಗ) ಬಾಳಿದ ನೈಯಾಯಿಕ. ಇವನು ಸಂಸ್ಕೃತದಲ್ಲಿ ರಚಿಸಿದ 'ತತ್ತ್ವಚಿಂತಾಮಣಿ'ಯು ನವ್ಯನ್ಯಾಯದ ಆಧಾರಗ್ರಂಥವೆನಿಸಿದೆ. ಇದರಲ್ಲಿ ಪ್ರತ್ಯಕ್ಷ, ಅನುಮಾನ, ಉಪಮಾನ ಮತ್ತು ಶಬ್ದ ಎಂಬ ನಾಲ್ಕು ಖಂಡಗಳಿವೆ.

ಹಿನ್ನೆಲೆ

12ನೆಯ ಶತಮಾನದ ಶ್ರೀಹರ್ಷನು 'ಖಂಡನಖಂಡಖಾದ್ಯ'ದಲ್ಲಿ ನೈಯಾಯಿಕರ ಲಕ್ಷಣಗಳು, ಅಂದರೆ ವ್ಯಾಖ್ಯೆಗಳು, ವಿಮರ್ಶೆಗೆ ನಿಲ್ಲುವುದಿಲ್ಲವೆಂದು ವಾದಿಸಿದ್ದನು. ಪ್ರಮಾಣದ ಲಕ್ಷಣವೇ ಕುಸಿದರೆ ಅದರಿಂದ ಪಡೆದ ಜ್ಞಾನಕ್ಕೂ ಭರವಸೆಯಿಲ್ಲ. ಆದ್ದರಿಂದ ದೋಷರಹಿತ ಲಕ್ಷಣಗಳ ರಚನೆ ನ್ಯಾಯದರ್ಶನದ ಅಳಿವು-ಉಳಿವಿನ ಪ್ರಶ್ನೆಯಾಗಿತ್ತು.

ವ್ಯಾಪ್ತಿ ವಿಚಾರ

ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯಿದೆ ಎಂದು ಊಹಿಸುವುದು ಅನುಮಾನಕ್ಕೆ ಪ್ರಸಿದ್ಧ ಉದಾಹರಣೆ. ಇಲ್ಲಿ ಹೊಗೆ ಹೇತು, ಬೆಂಕಿ ಸಾಧ್ಯ. ಇವೆರಡರ ತಪ್ಪದ ಸಂಬಂಧವೇ ವ್ಯಾಪ್ತಿ. ಎರಡು ವಸ್ತುಗಳು ಹಲವೆಡೆ ಒಟ್ಟಿಗೆ ಕಂಡ ಮಾತ್ರಕ್ಕೆ ವ್ಯಾಪ್ತಿ ಸಿದ್ಧಿಸದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದಿಲ್ಲ, ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹೊಗೆಗೆ ಹಸಿ ಸೌದೆಯೂ ಬೇಕು. ಇಂತಹ ಹೆಚ್ಚುವರಿ ನಿಬಂಧನೆಗೆ 'ಉಪಾಧಿ' ಎಂದು ಹೆಸರು.

ಸಾಧ್ಯವಿಲ್ಲದ ಸ್ಥಳದಲ್ಲಿ ಹೇತುವೂ ಇರದಿರುವುದೇ ವ್ಯಾಪ್ತಿ ಎಂಬುದು ಸರಳವಾದ ಲಕ್ಷಣ. ಗಂಗೇಶನು ಇದನ್ನು ಒಪ್ಪುವುದಿಲ್ಲ. ನ್ಯಾಯಮತದಲ್ಲಿ ಪ್ರತಿಯೊಂದು ವಸ್ತುವೂ ತಿಳಿಯಲು ಮತ್ತು ಹೆಸರಿಸಲು ಯೋಗ್ಯವಾದುದು. 'ಇದು ಹೆಸರಿಸಲು ಯೋಗ್ಯ, ತಿಳಿಯಲು ಯೋಗ್ಯವಾದ್ದರಿಂದ' ಎಂಬ ಅನುಮಾನದಲ್ಲಿ ಸಾಧ್ಯವಿಲ್ಲದ ಸ್ಥಳವೇ ದೊರೆಯದು. ಆದ್ದರಿಂದ ಲಕ್ಷಣ ಅನ್ವಯಿಸದು. ಇಂತಹ ಹಲವು ಲಕ್ಷಣಗಳನ್ನು ತಿರಸ್ಕರಿಸಿ ಅವನು ವಿಚಾರದ ದಿಕ್ಕನ್ನೇ ಬದಲಿಸುತ್ತಾನೆ. ಅವನ ಸಿದ್ಧಾಂತಲಕ್ಷಣದ ಸ್ಥೂಲ ತಾತ್ಪರ್ಯ ಹೀಗಿದೆ: ಹೇತುವಿರುವ ಸ್ಥಳಗಳಲ್ಲಿ ಯಾವ ಯಾವ ವಸ್ತುಗಳು ಇಲ್ಲವೋ ಅವುಗಳಲ್ಲಿ ಸಾಧ್ಯವು ಸೇರಿರಬಾರದು, ಅದು ಹೇತುವಿನೊಡನೆ ಇರಬೇಕು. ಈ ಲಕ್ಷಣ ಎರಡು ಬಗೆಯ ಉದಾಹರಣೆಗಳಿಗೂ ಹೊಂದುತ್ತದೆ.

ಶಬ್ದಾರ್ಥ ವಿಚಾರ

ವೈಶೇಷಿಕರು ಶಬ್ದವನ್ನು ಅನುಮಾನದಲ್ಲಿ ಅಡಗಿಸಿದರು. ಗಂಗೇಶನು ಅದನ್ನು ಸ್ವತಂತ್ರ ಪ್ರಮಾಣವೆಂದು ಸಮರ್ಥಿಸಿದನು. ವಾಕ್ಯಾರ್ಥದ ಅರಿವಿಗೆ ಸಂಬಂಧಿಸಿದಂತೆ ಅವನು ಚರ್ಚಿಸಿದ ಮುಖ್ಯ ಅಂಶಗಳು:

* ಆಕಾಂಕ್ಷೆ: ಒಂದು ಪದಕ್ಕೆ ಇನ್ನೊಂದರ ಅಪೇಕ್ಷೆ. 'ಹಸು, ಕುದುರೆ, ಆನೆ' ಎಂಬ ಪದಗಳ ಸಾಲು ವಾಕ್ಯವಾಗದು.
* ಯೋಗ್ಯತೆ: ಅರ್ಥಗಳ ಹೊಂದಾಣಿಕೆ. 'ಬೆಂಕಿಯಿಂದ ನೆನೆಸುತ್ತಾನೆ' ಎಂಬಲ್ಲಿ ಇದಿಲ್ಲ.
* ಆಸತ್ತಿ: ಪದಗಳ ಸಾಮೀಪ್ಯ. ಗಂಟೆಗೊಂದರಂತೆ ಉಚ್ಚರಿಸಿದ ಪದಗಳಿಂದ ಅರ್ಥಬೋಧೆಯಾಗದು.
* ತಾತ್ಪರ್ಯ: ವಕ್ತೃವಿನ ಅಭಿಪ್ರಾಯ. 'ಸೈಂಧವ' ಪದಕ್ಕೆ ಉಪ್ಪು, ಕುದುರೆ ಎಂಬ ಎರಡು ಅರ್ಥಗಳಿವೆ. ಊಟದ ಹೊತ್ತಿನಲ್ಲಿ ಉಪ್ಪೆಂದೇ ಗ್ರಹಿಸಬೇಕು.

ಪ್ರಭಾವ

ಬಂಗಾಳದ ನವದ್ವೀಪದ ರಘುನಾಥ ಶಿರೋಮಣಿಯು ತತ್ತ್ವಚಿಂತಾಮಣಿಗೆ 'ದೀಧಿತಿ' ಎಂಬ ವ್ಯಾಖ್ಯಾನ ಬರೆದನು. ವಿಜಯನಗರ ಕಾಲದ ದ್ವೈತ ಆಚಾರ್ಯರಾದ ವ್ಯಾಸತೀರ್ಥರು 'ತರ್ಕತಾಂಡವ'ದಲ್ಲಿ ಗಂಗೇಶನ ಮತವನ್ನು ವಿಸ್ತಾರವಾಗಿ ವಿಮರ್ಶಿಸಿದರು. ನವ್ಯನ್ಯಾಯದ ಪರಿಭಾಷೆ ಮುಂದೆ ವೇದಾಂತ, ವ್ಯಾಕರಣ ಮತ್ತು ಅಲಂಕಾರಶಾಸ್ತ್ರಗಳಲ್ಲಿಯೂ ಬಳಕೆಗೆ ಬಂದಿತು.