ಮರಿ ಬಂಗುಡೆ: ಕೊಳ್ಳುವವರ ಕೈಯಲ್ಲಿ ಎಷ್ಟಿದೆ, ಕಾನೂನಿನ ಕೈಯಲ್ಲಿ ಎಷ್ಟಿದೆ?

ಮರಿ ಮೀನು ತಕ್ಕೊಳ್ಳುವವರು ಇರುವುದರಿಂದಲೇ ಹಿಡಿಯುವವರು ಇದ್ದಾರೆ, ನಾವು ಕೊಳ್ಳುವುದು ಬಿಟ್ಟರೆ ಎಲ್ಲ ಸರಿಯಾಗ್ತದೆ ಎಂಬ ಮಾತು ನಮ್ಮ ಕರಾವಳಿಯಲ್ಲಿ ಆಗಾಗ ಕೇಳುತ್ತದೆ. ಕೇಳಲಿಕ್ಕೆ ಚಂದವೇ. ಹಲಾಲ್ ದುಡಿಮೆಯ ಬಗ್ಗೆ ಮಕ್ಕಳಿಗೆ ಪಾಠ ಹೇಳುವ ನಮಗಂತೂ ಮನುಷ್ಯ ತಾನಾಗಿಯೇ ತಿದ್ದಿಕೊಳ್ಳಬೇಕು ಎಂದರೆ ಇಷ್ಟ. ಆದರೆ ಮೀನಿನ ವಿಷಯದಲ್ಲಿ ಈ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ.

ಬೋಟಿನಲ್ಲಿ ಬಂದ ಮರಿ ಮೀನೆಲ್ಲ ಮಾರ್ಕೆಟಿಗೆ ಬರುವುದಿಲ್ಲ. ಊಟಕ್ಕೆ ಹೋಗದ್ದು ದಕ್ಕೆಯಿಂದಲೇ ಲಾರಿ ಹತ್ತಿ ಫಿಶ್‌ಮೀಲ್, ಮೀನೆಣ್ಣೆ ಕಾರ್ಖಾನೆ ಸೇರುತ್ತದೆ. ಉಳ್ಳಾಲದ ಕೋಟೆಪುರ ಕಡೆ ಹೋದವರಿಗೆ ಆ ವಾಸನೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಲ್ಲಿ ಅದು ಹುಡಿಯಾಗಿ ಸಿಗಡಿ ಕೆರೆಗೆ, ಕೋಳಿ ಫಾರಂಗೆ ಆಹಾರವಾಗಿ ಹೋಗುತ್ತದೆ. ಮನೆ ಬಾಗಿಲಿಗೆ ಬಂದವರಿಗೆ "ಕಾಕ, ಇದು ಮರಿ, ಬೇಡ" ಎಂದು ನಾವು ವಾಪಸ್ ಕಳಿಸಿದರೂ ಆ ಲಾರಿಗೆ ತಡೆಯಿಲ್ಲ. ಅದರ ಗಿರಾಕಿ ನಾವಲ್ಲ. ಬೈಕಿನಲ್ಲಿ ಮೀನು ಹೊತ್ತು ಓಣಿ ಓಣಿ ಸುತ್ತುವ ಬಡಪಾಯಿಗೆ ಮಾತ್ರ ಆ ದಿನದ ನಷ್ಟ.

ಇನ್ನೊಂದು ಕಡೆ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಲವು ಜಾತಿಯ ಮೀನು ಮೊಟ್ಟೆ ಇಡುವ ಕಾಲವದು. 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ಮಾತ್ರ ಅವಕಾಶ. ಇದನ್ನು ಬೋಟಿನವರ ಇಷ್ಟಕ್ಕೆ ಬಿಟ್ಟಿದ್ದರೆ ಏನಾಗುತ್ತಿತ್ತು? ಸಾಲ ಮಾಡಿ ಬೋಟು ಕಟ್ಟಿಸಿದವನು, ನಾನೊಬ್ಬ ದಡದಲ್ಲಿ ಕೂತರೆ ಪಕ್ಕದವನು ಬಾಚಿಕೊಂಡು ಹೋಗ್ತಾನಲ್ಲ ಎಂದು ಹೊರಡುತ್ತಿದ್ದ. ಅವನನ್ನು ಕೆಟ್ಟವನು ಅನ್ನಲಿಕ್ಕಾಗುವುದಿಲ್ಲ. ಎಲ್ಲರ ಬೋಟೂ ಒಟ್ಟಿಗೆ ನಿಂತದ್ದರಿಂದಲೇ ಅವನಿಗೂ ನಿಲ್ಲಲು ಧೈರ್ಯ ಬಂತು. ಇದು ಗಿರಾಕಿಯಿಂದ ಆಗುವ ಕೆಲಸವಲ್ಲ.

ಕೇರಳದವರು ಇನ್ನೂ ಮುಂದೆ ಹೋದರು. 2015ರಲ್ಲಿ 14 ಜಾತಿಗಳಿಗೆ ಕನಿಷ್ಠ ಅಳತೆ ಗೊತ್ತುಮಾಡಿ, ಆಮೇಲೆ ಪಟ್ಟಿಯನ್ನು 58ಕ್ಕೆ ಏರಿಸಿದರು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಅದಕ್ಕಿಂತ ಸಣ್ಣದನ್ನು ಹಿಡಿದು ತಂದರೆ ದಂಡ. ತಲಪಾಡಿ ಗೇಟು ಮನುಷ್ಯರಿಗೆ, ಬಂಗುಡೆಗೆ ಅಲ್ಲ. ಹಾಗಾಗಿ ಇಂಥ ಕಾನೂನು ಅಕ್ಕಪಕ್ಕದ ರಾಜ್ಯಗಳಲ್ಲಿ ಒಂದೇ ಸಮ ಜಾರಿಯಾಗದಿದ್ದರೆ ಒಂದು ಕಡೆ ಕಾದದ್ದನ್ನು ಇನ್ನೊಂದು ಕಡೆ ಹಿಡಿದುಬಿಡುತ್ತಾರೆ.

ಹಾಗಂತ ಕಾನೂನು ಬರೆದಿಟ್ಟರೆ ಮುಗಿಯಿತಾ? ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರದ್ದು. ದಡದಿಂದ 12 ನಾಟಿಕಲ್ ಮೈಲಿಯವರೆಗೆ ರಾಜ್ಯದ ಅಧಿಕಾರ. ಅದರಾಚೆಗೂ ಲೈಟ್ ಫಿಶಿಂಗ್ ಮತ್ತು ಬುಲ್ ಟ್ರಾಲಿಂಗನ್ನು ಕೇಂದ್ರ ಸರಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಆದರೂ ಲೈಟ್ ಬೋಟಿನ ವಿರುದ್ಧ ನಾಡದೋಣಿಯವರು ಮತ್ತೆ ಮತ್ತೆ ಬೀದಿಗಿಳಿಯಬೇಕಾಗಿದೆ. ಪ್ರಖರ ಬೆಳಕಿಗೆ ದೊಡ್ಡದು ಸಣ್ಣದು ಎನ್ನದೆ ಹಿಂಡು ಹಿಂಡಾಗಿ ಬಂದು ಬಲೆಗೆ ಬೀಳುವ ಮೀನು ರಾತ್ರಿಯದ್ದು. ತಪಾಸಣೆಯೂ ರಾತ್ರಿಯೇ ಆಗಬೇಕಲ್ವಾ?

ನಮ್ಮ ಇತಿಹಾಸದಲ್ಲಿ ಮುಹ್ತಸಿಬ್ ಎಂಬ ಹುದ್ದೆ ಇತ್ತು. ಪೇಟೆಯಲ್ಲಿ ತಿರುಗಾಡಿ ತೂಕ, ಅಳತೆ, ಕಲಬೆರಕೆ ನೋಡುವುದು ಅವನ ಕೆಲಸ. 12ನೇ ಶತಮಾನದ ಶೈಝರಿ ಎಂಬವರು ಈ ಅಧಿಕಾರಿಗಾಗಿಯೇ ಬರೆದ ಕೈಪಿಡಿಯಲ್ಲಿ ಮೀನು ಹುರಿಯುವವರಿಗೂ ಒಂದು ಅಧ್ಯಾಯವಿದೆ. ಅಲ್ಲಾಹನ ಭಯ ಎಲ್ಲರಲ್ಲೂ ಇರಬೇಕು ಎಂದು ಮಿಂಬರ್‌ನಲ್ಲಿ ಹೇಳುತ್ತಿದ್ದ ಕಾಲದಲ್ಲೇ ತಕ್ಕಡಿ ನೋಡಲು ಒಬ್ಬನನ್ನು ನೇಮಿಸಿದ್ದರು.

ಕೊಳ್ಳುವವರಿಗೆ ಕೆಲಸವಿಲ್ಲ ಎಂದು ನಾವು ಹೇಳುವುದಿಲ್ಲ. ಮರಿ ಮೀನು ಬೇಡ ಅನ್ನಿ, ಆಗಸ್ಟ್‌ವರೆಗೆ ಒಣಮೀನಿನ ಸಾರಿನಲ್ಲಿ ಸುಧಾರಿಸಿಕೊಳ್ಳಿ. ಅದರ ಜೊತೆಗೆ, ಓಟು ಕೇಳಲು ಮಹಲ್ಲಿಗೆ ಬರುವವರ ಹತ್ತಿರ ರಸ್ತೆ, ಚರಂಡಿ ಕೇಳಿದ ಹಾಗೆಯೇ ಇದನ್ನೂ ಕೇಳಿ: ಲೈಟ್ ಬೋಟು ಹಿಡಿಯಲು ರಾತ್ರಿ ಕಡಲಿಗೆ ಹೋಗುವವರು ಯಾರು, ಕಳೆದ ವರ್ಷ ಎಷ್ಟು ಬೋಟಿಗೆ ದಂಡ ಬಿತ್ತು?