‘ಹೆಟ್’ ಬಿಟ್ಟರೆ ಮೊದಲ ಸ್ಥಾನ ಹೋಯಿತು



ಕನ್ನಡದಲ್ಲಿ ‘ಅವಸರ’ ಎಂದರೆ ಆತುರ. ಆದೋನಿ, ರಾಯದುರ್ಗದ ಕಡೆ ತೆಲುಗಿನಲ್ಲಿ ‘ಅವಸರಂ’ ಎಂದರೆ ಅಗತ್ಯ. ಮುಖ ಒಂದೇ, ಗುಣ ಬೇರೆ. ಎರಡು ಭಾಷೆಗಳ ನಡುವೆ ಬಾಳುವ ನಿಮಗೆ ಇಂಥ ಮಾತುಗಳು ಹೊಸತಲ್ಲ. ದೂರದ ಡಚ್ ಭಾಷೆಯಲ್ಲೂ ಅಂಥದೊಂದು ಮಾತಿದೆ. ನೆದರ್ಲೆಂಡ್ಸ್, ಬೆಲ್ಜಿಯಂ ದೇಶದ ಉತ್ತರ ಭಾಗ ಮತ್ತು ದಕ್ಷಿಣ ಅಮೆರಿಕದ ಸುರಿನಾಮ್‌ಗಳಲ್ಲಿ 2 ಕೋಟಿಗೂ ಹೆಚ್ಚು ಜನ ಆಡುವ ಭಾಷೆ ಅದು.

ಡಚ್ಚಿನಲ್ಲಿ ‘ಮೋಯ್’ ಎಂದರೆ ಚೆಂದ. ‘ಮೋಯರ್’ ಅದಕ್ಕಿಂತ ಚೆಂದ. ‘ಮೋಯ್ಸ್ಟ್’ ಎಲ್ಲಕ್ಕಿಂತ ಚೆಂದ. ಎಲ್ಲಕ್ಕಿಂತ ಚೆಂದದ ಹೂವು ‘ಡೆ ಮೋಯ್ಸ್ಟೆ ಬ್ಲುಮ್’. ಇಲ್ಲಿ ಅದು ಹೂವಿನ ವಿಶೇಷಣ. ಅದೇ ಮಾತು ಹಾಡುವ, ಓಡುವ ರೀತಿಯನ್ನು ಹೇಳಬೇಕಾದಾಗ, ಅಂದರೆ ಕ್ರಿಯಾವಿಶೇಷಣವಾದಾಗ, ಅದರ ಮುಂದೆ ಸಾಮಾನ್ಯವಾಗಿ ‘ಹೆಟ್’ ಎಂಬ ಪುಟ್ಟ ಪದ ಬಂದು ನಿಲ್ಲುತ್ತದೆ. ‘ಝೈ ಝಿಂಗ್ಟ್ ಹೆಟ್ ಮೋಯ್ಸ್ಟ್’ ಎಂದರೆ, ಅವಳು ಎಲ್ಲರಿಗಿಂತ ಚೆಂದ ಹಾಡುತ್ತಾಳೆ. ಹಾಡುವವರು ಹೆಣ್ಣಾಗಲಿ, ಗಂಡಾಗಲಿ, ಹತ್ತು ಮಂದಿಯಾಗಲಿ, ಈ ‘ಹೆಟ್’ ಬದಲಾಗದು. ಚಹಾ ಎಲ್ಲಕ್ಕಿಂತ ಇಷ್ಟ ಎನ್ನುವವರು ‘ಇಕ್ ಡ್ರಿಂಕ್ ಹೆಟ್ ಲೀಫ್ಸ್ಟ್ ಟೇ’ ಎನ್ನುತ್ತಾರೆ.

ಈಗ ಎಚ್ಚರಿಕೆಯ ಮಾತು. ಡಚ್ಚಿನಲ್ಲೂ ‘ಬೆಸ್ಟ್’ ಇದೆ. ಇಂಗ್ಲಿಷಿನ ಬೆಸ್ಟ್‌ಗೆ ಸೋದರ. ಸ್ಪರ್ಧೆಯಲ್ಲಿ ಹಾಡಿದ ಹುಡುಗಿಯನ್ನು ಕುರಿತು ‘ಝೈ ಝಿಂಗ್ಟ್ ಹೆಟ್ ಬೆಸ್ಟ್’ ಎಂದರೆ ಅವಳಿಗೇ ಮೊದಲ ಸ್ಥಾನ. ‘ಝೈ ಝಿಂಗ್ಟ್ ಬೆಸ್ಟ್ ಖುಟ್’ ಎಂದರೋ? ‘ಖುಟ್’ ಎಂದರೆ ಚೆನ್ನಾಗಿ. ಇಲ್ಲಿ ‘ಹೆಟ್’ ಇಲ್ಲ. ‘ಬೆಸ್ಟ್’ ಈಗ ‘ಖುಟ್’ ಎಂಬುದರ ಅಳತೆ ಹೇಳುತ್ತಿದೆ, ಅಷ್ಟೆ. ಅರ್ಥ: ‘ಪರವಾಗಿಲ್ಲ, ಚೆನ್ನಾಗಿಯೇ ಹಾಡುತ್ತಾಳೆ.’ ಇದೂ ಮೆಚ್ಚುಗೆಯೇ. ಆದರೆ ಬಹುಮಾನ ಬಂತೆಂದು ಮನೆಯವರು ಸಿಹಿ ಹಂಚುವಂತಿಲ್ಲ!

ಇನ್ನೊಂದು ಪದ ‘ಹೋಖ್ಸ್ಟ್’. ಇದರ ಮೂಲಾರ್ಥ ಎಲ್ಲಕ್ಕಿಂತ ಎತ್ತರದ್ದು. ‘ಹೆಟ್’ ಇಲ್ಲದೆ ಮತ್ತೊಂದು ಗುಣವಾಚಕದ ಮುಂದೆ ಬಂದಾಗ ಅದಕ್ಕೆ ‘ಬಹಳ’ ಎಂಬ ಅರ್ಥ. ಅಲ್ಲಿಯೂ ಯಾರೊಡನೆಯೂ ಹೋಲಿಕೆ ಇಲ್ಲ. ಆದರೆ ಒಂದು ಮಾತು ಹೊಗಳಿಕೆಯನ್ನು ತಗ್ಗಿಸುತ್ತದೆ, ಇನ್ನೊಂದು ಏರಿಸುತ್ತದೆ.

ಆದ್ದರಿಂದ ಕೇಳುಗರೇ, ಬೇರೆ ಭಾಷೆಯ ಮಾತಿನಲ್ಲಿ ಪರಿಚಿತ ಪದವೊಂದು ಕಿವಿಗೆ ಬಿದ್ದ ಕೂಡಲೇ ಅರ್ಥವಾಯಿತೆಂದು ತೀರ್ಮಾನಿಸಬೇಡಿ. ಅದರ ಅಕ್ಕಪಕ್ಕದ ಸಣ್ಣ ಪದಗಳಿಗೂ ಕಿವಿಗೊಡಿ.