ಬಿಳೀ ಪುಡಿಯಲ್ಲ ಸ್ವಾಮಿ, ಕರೀ ಉಂಡೆ!

ಸಿನಿಮಾದಲ್ಲಿ ಖಳನಾಯಕ ಸೂಟ್‌ಕೇಸ್ ತೆಗೆದರೆ ಒಳಗೇನಿರುತ್ತೆ, ಹೇಳಿ ನೋಡೋಣ? ಬಿಳೀ ಪುಡಿ! ಪ್ಲಾಸ್ಟಿಕ್ ಕವರುಗಳಲ್ಲಿ ಸಾಲಾಗಿ ಜೋಡಿಸಿಟ್ಟ ಬಿಳೀ ಪುಡಿ. ಬಾಸ್ ಅನ್ನಿಸಿಕೊಂಡವನು ಕಿರುಬೆರಳ ತುದಿಗೆ ಒಂಚೂರು ಹಚ್ಚಿಕೊಂಡು ನಾಲಿಗೆಗೆ ಮುಟ್ಟಿಸಿ, 'ಮಾಲು ಅಸಲಿ' ಎಂದು ತಲೆಯಾಡಿಸುತ್ತಾನೆ. ಗಾಂಧಿಕ್ಲಾಸಿನಲ್ಲಿ ಕೂತ ನಾವು ಶಿಳ್ಳೆ ಹೊಡೆಯುತ್ತೇವೆ. ಈ ವಿಷಯದಲ್ಲಿ ಸಿನಿಮಾ ನಮಗೆ ಕಲಿಸಿದ ಪಾಠ ಇಷ್ಟೇ. ಆ ಪಾಠವನ್ನು ನಂಬಿದ ನನ್ನ ಗೆಳೆಯನೊಬ್ಬ ಇವತ್ತು ಕೋರ್ಟು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾನೆ.

ಹೆಸರು ಬೇಡ. ನಮ್ಮ ಅಭಿಮಾನಿ ಸಂಘದ ಹುಡುಗ. ಕಟೌಟಿಗೆ ಹಾರ ಹಾಕಲು ಅರವತ್ತಡಿ ಮೇಲೆ ಹತ್ತೋಕೂ ಹೆದರದವನು. ಗಾಂಧಿನಗರ ಸುತ್ತಿ ಸುತ್ತಿ ಕೊನೆಗೆ ಲೈಟ್ ಡಿಪಾರ್ಟ್‌ಮೆಂಟಿನಲ್ಲಿ ಸಹಾಯಕನಾಗಿ ಸೇರಿಕೊಂಡ. ಒಂದು ಹಾಡಿನ ಶೂಟಿಂಗಿಗೆ ಅಂತ ಯೂನಿಟ್ಟಿನ ಜೊತೆ ಗೋವಾಕ್ಕೆ ಹೋಗಿದ್ದ. ವಾಪಸು ಬರುವಾಗ ಪರಿಚಯದವನೊಬ್ಬ ಪೊಟ್ಟಣ ಕೊಟ್ಟು, "ಬೆಂಗಳೂರಲ್ಲಿ ನಮ್ಮ ಹುಡುಗ ಬಂದು ಇಸ್ಕೋತಾನೆ, ಬ್ಯಾಗಲ್ಲಿಟ್ಕೋ ಮಗಾ" ಅಂದ. ಇವನು ಬಿಚ್ಚಿ ನೋಡಿದ. ಕಪ್ಪಗೆ, ಅಂಟಂಟಾಗಿ, ಹುಣಸೆಹಣ್ಣಿನ ಉಂಡೆಯ ಹಾಗಿತ್ತಂತೆ. ಎರಡು ನಿಂಬೆಹಣ್ಣು ಒತ್ತಿ ಸೇರಿಸಿದಷ್ಟು ದಪ್ಪ. "ಇದೇನಣ್ಣ?" ಅಂದರೆ, "ಗಿಡದ ಅಂಟು ಕಣೋ" ಅನ್ನೋ ಉತ್ತರ.

ಆಮೇಲೆ ಅವನೇ ನನಗೆ ಹೇಳಿದ ಮಾತು ಕೇಳಿ: "ಗಾಂಜಾ ಅಂದ್ರೆ ಸೊಪ್ಪು, ಡ್ರಗ್ಸ್ ಅಂದ್ರೆ ಬಿಳೀ ಪುಡಿ. ಇದು ಎರಡೂ ಅಲ್ವಲ್ಲ ಗುರು, ಅದಕ್ಕೇ ಇಟ್ಕೊಂಡೆ!"

ನಡುರಾತ್ರಿ ಗಡಿ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತು. ತಕ್ಕಡಿಯಲ್ಲಿ ಇಟ್ಟರು. 140 ಗ್ರಾಂ. ಆ ಉಂಡೆಯ ಹೆಸರು ಚರಸ್.

ಒಂದೇ ಗಿಡ, ಮೂರು ಸರಕು

ನಾನು ಪಿಯುಸಿಯನ್ನು ಅರ್ಧಕ್ಕೆ ಬಿಟ್ಟವನು. ಕೆಮಿಸ್ಟ್ರಿ ಅಂದರೆ ಈಗಲೂ ಚಳಿಜ್ವರ. ಆದರೆ ಅವನ ತಾಯಿ ನಮ್ಮ ಮನೆ ಬಾಗಿಲಿಗೆ ಬಂದು, "ಪೇಪರಿಗೆ ಬರೆಯೋನಲ್ವೇನಪ್ಪ ನೀನು, ಅದೇನು ಅಂತ ತಿಳ್ಕೊಂಡು ಹೇಳು" ಅಂದಾಗ ಓದದೆ ವಿಧಿಯಿರಲಿಲ್ಲ.

ಗಿಡ ಒಂದೇ. ಅದರ ಎಲೆ ಭಂಗಿ. ಹೆಣ್ಣು ಗಿಡದ ಹೂಗೊಂಚಲು ಗಾಂಜಾ. ಆ ಹೂವಿನ ಮೇಲೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಕೂದಲುಗಳಿರುತ್ತವೆ. ಅವುಗಳ ತುದಿಯಲ್ಲಿ ಅಂಟು, ಅಂಟಿನೊಳಗೆ ಟಿಎಚ್‌ಸಿ ಅನ್ನೋ ಅಮಲಿನ ವಸ್ತು. ಗಿಡವನ್ನೆಲ್ಲ ಬಿಟ್ಟು ಆ ಅಂಟನ್ನು ಮಾತ್ರ ಬೇರೆ ಮಾಡಿದರೆ ಅದೇ ಚರಸ್. ಅರಬ್ಬರ ಮಾತಿನಲ್ಲಿ ಹಶೀಶ್. ನಮ್ಮ ಕಡೆ ಭಂಗಿ, ಗಾಂಜಾ ಹಳೇ ಪರಿಚಯ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಚಿಲುಮೆ ಹಿಡಿದ ಸಾಧುಗಳನ್ನು ಕಂಡವರು ಎಷ್ಟೋ ಜನ ಇದ್ದಾರೆ. ಆದರೆ ಚರಸ್ ನಮ್ಮ ನೆಲದ ಸರಕಲ್ಲ, ಅದು ಬೆಟ್ಟದ ಸೀಮೆಯದು. ಬ್ರಿಟಿಷ್ ಸರ್ಕಾರ 1893ರಲ್ಲಿ ಒಂದು ಆಯೋಗ ನೇಮಿಸಿ ಗಾಂಜಾ, ಭಂಗಿ, ಚರಸ್ ಬಗ್ಗೆ ದೇಶವೆಲ್ಲಾ ವಿಚಾರಣೆ ನಡೆಸಿತು. ಆಗ ಚರಸ್ ಬರುತ್ತಿದ್ದದ್ದು ಎಲ್ಲಿಂದ ಗೊತ್ತೇ? ಚೀನಾದ ಕಡೆಯ ಯಾರ್ಕಂದ್‌ನಿಂದ! ಹಿಮದ ಕಣಿವೆ ದಾಟಿ, ಲೇಹ್ ಮೇಲೆ ಹಾಯ್ದು, ಪಂಜಾಬಿನ ಪೇಟೆಗೆ. ಸರ್ಕಾರ ಅದಕ್ಕೆ ತೆರಿಗೆ ಹಾಕಿ ದುಡ್ಡು ಎಣಿಸಿಕೊಳ್ಳುತ್ತಿತ್ತು!

ಉಜ್ಜಿದ್ದು, ಜರಡಿ ಹಿಡಿದದ್ದು

ಚರಸ್ಸಿನಲ್ಲಿ ದೊಡ್ಡ ಜಾತಿ ಎರಡೇ. ಒಂದು ಕೈಯಿಂದ ಉಜ್ಜಿ ತೆಗೆದದ್ದು, ಇನ್ನೊಂದು ಜರಡಿ ಹಿಡಿದದ್ದು.

ಉಜ್ಜುವುದು ಹಿಮಾಲಯದ ಕಸುಬು. ಹಸಿ ಗಿಡದ ಹೂವನ್ನು ಅಂಗೈಗಳ ನಡುವೆ ಗಂಟೆಗಟ್ಟಲೆ ಉಜ್ಜಿ, ಕೈಗೆ ಹತ್ತಿದ ಕಪ್ಪು ಅಂಟನ್ನು ಕೆರೆದು ಉಂಡೆ ಕಟ್ಟುತ್ತಾರೆ. ದಿನವಿಡೀ ದುಡಿದರೂ ಸಿಗುವುದು ಚೂರೇ ಚೂರು. ಹಿಮಾಚಲದ ಕುಲ್ಲು ಜಿಲ್ಲೆಯ ಮಲಾಣಾ ಹಳ್ಳಿಯ ಹೆಸರು ಇದರಿಂದಲೇ ಲೋಕಕ್ಕೆಲ್ಲ ಹಬ್ಬಿತು. 'ಮಲಾಣಾ ಕ್ರೀಮ್' ಅನ್ನೋದು ಅದೇ. ಆ ಊರೇ ಒಂದು ಸಿನಿಮಾ! ಜಮ್ಲು ಅವರ ದೇವರು. ಮಾತು ಕಣಾಶಿ, ಪಕ್ಕದ ಊರಿನವರಿಗೂ ಅರ್ಥವಾಗದ್ದು. ಹೊರಗಿನವರು ಗುಡಿಯ ಗೋಡೆ ಮುಟ್ಟಿದರೆ ದಂಡ. ದೇವರ ಗೋಡೆ ಮುಟ್ಟಬಾರದು, ಆದರೆ ಊರ ಸರಕು ಮಾತ್ರ ಎಲ್ಲರ ಜೇಬು ಮುಟ್ಟಬೇಕು... ಇರಲಿ ಬಿಡಿ.

ನೇಪಾಳದ್ದೂ ಕೈಯಲ್ಲಿ ಉಜ್ಜಿದ್ದೇ. ನುಣ್ಣಗೆ ಹೊಳೆಯುವ ಗುಂಡು, 'ಟೆಂಪಲ್ ಬಾಲ್' ಅಂತ ಹಿಪ್ಪಿಗಳು ಇಟ್ಟ ಹೆಸರು. ಹಿಪ್ಪಿ ಅಂದ ಕೂಡಲೇ ನಿಮಗೆ ನೆನಪಾಗಿರಬೇಕು. ಹೌದು, ದೇವ್ ಆನಂದ್ 1971ರಲ್ಲಿ ಮಾಡಿದ 'ಹರೇ ರಾಮ ಹರೇ ಕೃಷ್ಣ'. ಕಠ್ಮಂಡುವಿನಲ್ಲಿ ತಂಗಿಯನ್ನು ಹುಡುಕಿಕೊಂಡು ಹೋಗುವ ಅಣ್ಣ, ಹೊಗೆಯ ನಡುವೆ ಕೂತ ಜೀನತ್ ಅಮಾನ್! ನಮ್ಮಪ್ಪ ಆ ಪಿಕ್ಚರನ್ನು ಏಳು ಸಲ ನೋಡಿದ್ದರಂತೆ. ಆಶಾ ಭೋಸ್ಲೆ ಹಾಡಿದ 'ದಮ್ ಮಾರೋ ದಮ್'ಗಾಗಿ ಏಳು ಸಲ. ಕೊನೆಯಲ್ಲಿ ಆ ಹುಡುಗಿ ಪ್ರಾಣ ಕಳೆದುಕೊಂಡದ್ದು ಅವರಿಗೆ ನೆನಪೇ ಇಲ್ಲ! ದೇವ್ ಆನಂದ್ ಕ್ಯಾಮೆರಾ ಇಟ್ಟ ಕಾಲದಲ್ಲಿ ಕಠ್ಮಂಡುವಿನ 'ಫ್ರೀಕ್ ಸ್ಟ್ರೀಟ್'ನಲ್ಲಿ ಲೈಸೆನ್ಸ್ ಪಡೆದ ಅಂಗಡಿಗಳೇ ಚರಸ್ ಮಾರುತ್ತಿದ್ದವು. 1973ರಲ್ಲಿ ನೇಪಾಳ ಸರ್ಕಾರ ಲೈಸೆನ್ಸ್ ರದ್ದು ಮಾಡಿ ಬಾಗಿಲು ಹಾಕಿಸಿತು. ನಮ್ಮ ಅಣ್ಣಾವ್ರು 'ಆಪರೇಷನ್ ಡೈಮಂಡ್ ರಾಕೆಟ್'ಗಾಗಿ ನೇಪಾಳಕ್ಕೆ ಹೋಗುವ ಹೊತ್ತಿಗೆ, ಅಂದರೆ 1978ಕ್ಕೆ, ಆ ಆಟವೆಲ್ಲ ಮುಗಿದಿತ್ತು. ಅಣ್ಣಾವ್ರು ಹಿಡಿದದ್ದು ವಜ್ರದ ಕಳ್ಳರನ್ನ, ಪುಣ್ಯ.

ಜರಡಿಯ ಚರಸ್ ಬೇರೆ ದೇಶಗಳದ್ದು. ಒಣಗಿದ ಗಿಡವನ್ನು ಬಟ್ಟೆಯ ಮೇಲೋ ಜರಡಿಯ ಮೇಲೋ ಬಡಿದು, ಕೆಳಗುದುರಿದ ಪುಡಿಯನ್ನು ಒತ್ತಿ ಅಚ್ಚು ಮಾಡುತ್ತಾರೆ. ಅಫ್ಘಾನಿಸ್ತಾನದ್ದು ಹೊರಗೆ ಕಪ್ಪು, ಒಳಗೆ ಕಂದು. ಲೆಬನಾನಿನ ಬೆಕಾ ಕಣಿವೆಯಲ್ಲಿ ಕೆಂಪು, ಹೊಂಬಣ್ಣ ಎರಡೂ ಉಂಟು. ಗಿಡ ಹೊಲದಲ್ಲೇ ಹಣ್ಣಾಗಿ ಒಣಗಿದರೆ ಕೆಂಪು. ಮೊರಾಕ್ಕೋದ ರಿಫ್ ಬೆಟ್ಟಗಳದ್ದು ತಿಳಿಗಂದು ಬಿಲ್ಲೆ.

'ಚರಸ್' ಅನ್ನೋ ಹೆಸರಿನಲ್ಲೇ 1976ರಲ್ಲಿ ಒಂದು ಹಿಂದಿ ಪಿಕ್ಚರ್ ಬಂತು. ಧರ್ಮೇಂದ್ರ, ಹೇಮಮಾಲಿನಿ, ಮಾಲ್ಟಾ ದ್ವೀಪದ ಹೊರಾಂಗಣ. ನಿರ್ದೇಶಕರು ರಮಾನಂದ ಸಾಗರ್. ಮುಂದೆ 1987ರಲ್ಲಿ ಭಾನುವಾರ ಬೆಳಗ್ಗೆ ಊರೂರಿನ ಬೀದಿ ಖಾಲಿ ಮಾಡಿಸಿ 'ರಾಮಾಯಣ' ತೋರಿಸಿದ ಅದೇ ಮಹಾನುಭಾವರು! ಆದರೆ ಚರಸ್ಸಿಗೆ ಸಿಕ್ಕಿದವನ ಪಾಡನ್ನು ಕಣ್ಣಿಗೆ ಕಟ್ಟಿದ್ದು ಇಂಗ್ಲಿಷಿನ 'ಮಿಡ್‌ನೈಟ್ ಎಕ್ಸ್‌ಪ್ರೆಸ್' (1978). ಬಿಲ್ಲಿ ಹೇಯ್ಸ್ ಅನ್ನೋ ಅಮೆರಿಕದ ಹುಡುಗ 1970ರಲ್ಲಿ ಇಸ್ತಾಂಬುಲ್ ವಿಮಾನ ನಿಲ್ದಾಣದಲ್ಲಿ ಮೈಗೆ ಕಟ್ಟಿಕೊಂಡ ಸುಮಾರು 2 ಕಿಲೋ ಹಶೀಶ್ ಸಮೇತ ಸಿಕ್ಕಿಬಿದ್ದ ನಿಜ ಕಥೆ. ಮೊದಲು ನಾಲ್ಕು ವರ್ಷ ಅಂದರು. ಬಿಡುಗಡೆ ಹತ್ತಿರ ಬಂದಾಗ ಶಿಕ್ಷೆಯನ್ನು ಇನ್ನೂ ದಶಕಗಳಿಗೆ ಏರಿಸಿದರು. 1975ರಲ್ಲಿ ಜೈಲಿನಿಂದ ಓಡಿಹೋಗಿ ಪಾರಾದ. ತುರ್ಕಿಯವರನ್ನೆಲ್ಲ ರಾಕ್ಷಸರ ಹಾಗೆ ತೋರಿಸಿದ್ದು ನನಗೆ ಹಿಡಿಸಲಿಲ್ಲ. ಆದರೆ ಮೊದಲ ಹತ್ತು ನಿಮಿಷ ಇದೆಯಲ್ಲ, ಎದೆ ಬಡಿತ, ಬೆವರು... ನಮ್ಮ ಹುಡುಗನ ಜೊತೆ ಕೂತು ನೋಡಿದೆ. ಅವನು ಎದ್ದು ಹೊರಗೆ ಹೋದ.

ಹೊಸ ವೇಷಗಳು

ಈಗ ಹಳೇ ಉಂಡೆಯೂ ಹಳತಾಯಿತು. ಐಸ್‌ನೀರಿನಲ್ಲಿ ಬೇರೆ ಮಾಡಿದ್ದು 'ಬಬಲ್ ಹ್ಯಾಶ್', ಬರೀ ಶಾಖ ಮತ್ತು ಒತ್ತಡದಿಂದ ಹಿಂಡಿದ್ದು 'ರೋಸಿನ್', ದ್ರಾವಣದಿಂದ ಎಳೆದ 'ಹ್ಯಾಶ್ ಆಯಿಲ್'. ಅದೇ ಎಣ್ಣೆ ಗಟ್ಟಿಯಾಗಿ ಗಾಜಿನ ಚೂರಿನ ಹಾಗಾದರೆ 'ಶ್ಯಾಟರ್', ಮೇಣದ ಹಾಗಾದರೆ 'ವ್ಯಾಕ್ಸ್'. ಲೈಟರಿಗೆ ತುಂಬೋ ಬ್ಯೂಟೇನ್ ಗ್ಯಾಸಿನಲ್ಲಿ ಇದನ್ನು ತೆಗೆಯೋಕೆ ಹೋಗಿ ಅಮೆರಿಕದಲ್ಲಿ ಅಡುಗೆಮನೆಗಳೇ ಸಿಡಿದು, ಮೈ ಸುಟ್ಟುಕೊಂಡು ಆಸ್ಪತ್ರೆ ಸೇರಿದವರು ಬಹಳ ಮಂದಿ. ಇವುಗಳಲ್ಲಿ ಟಿಎಚ್‌ಸಿ ನೂರಕ್ಕೆ 60, 80, ಅದಕ್ಕೂ ಹೆಚ್ಚು. ಹಳೇ ಕಾಲದ ಗಾಂಜಾದಲ್ಲಿ ಇದು ನೂರಕ್ಕೆ ಕೆಲವೇ ಪಾಲು. ಒಂದು ಲೋಟ ಸೇಂದಿಗೂ ಒಂದು ಲೋಟ ಸ್ಪಿರಿಟ್ಟಿಗೂ ಇರೋ ಅಂತರ ಅಂದ್ಕೊಳ್ಳಿ. ಎಳೇ ವಯಸ್ಸಿನಲ್ಲಿ ಇಂಥ ಗಟ್ಟಿ ಸರಕಿಗೆ ದಿನವೂ ಅಂಟಿಕೊಂಡವರಲ್ಲಿ ಚಿತ್ತಭ್ರಮೆಯ ಅಪಾಯ ಹೆಚ್ಚು ಅಂತ ವೈದ್ಯರು ಹೇಳುತ್ತಾರೆ. 'ಗಿಡದ್ದು ತಾನೇ, ಏನಾಗಲ್ಲ' ಅನ್ನೋ ಮಾತು ಇಲ್ಲಿ ನಡೆಯೋಲ್ಲ.

ತಕ್ಕಡಿಯ ಲೆಕ್ಕ

ಇನ್ನು ಕಾನೂನು. ಲಾಯರ್ ಸಾಹೇಬರು ಪುಸ್ತಕ ತೆಗೆದು ತೋರಿಸಿದಾಗ ನನಗೆ ಬೆವರು ಕಿತ್ತುಕೊಂಡಿತು.

1985ರ ನವೆಂಬರ್ 14ರಿಂದ ಜಾರಿಯಲ್ಲಿರೋ ಎನ್‌ಡಿಪಿಎಸ್ ಕಾಯ್ದೆಗೆ ಭಂಗಿ ಎಲೆ ಲೆಕ್ಕಕ್ಕಿಲ್ಲ. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಅದನ್ನು ಎತ್ತಿ ಹೇಳಿ ಒಬ್ಬನಿಗೆ ಜಾಮೀನು ಕೊಟ್ಟಿದೆ. ಗಾಂಜಾ 1 ಕಿಲೋವರೆಗೆ 'ಸಣ್ಣ ಪ್ರಮಾಣ', 20 ಕಿಲೋದಿಂದ 'ವಾಣಿಜ್ಯ ಪ್ರಮಾಣ'. ಆದರೆ ಚರಸ್ಸು? ಸಣ್ಣ ಪ್ರಮಾಣ ಬರೀ 100 ಗ್ರಾಂ! 1 ಕಿಲೋಕ್ಕೇ ವಾಣಿಜ್ಯ. ಹ್ಯಾಶ್ ಆಯಿಲ್ಲೂ ಕಾಯ್ದೆಯ ಕಣ್ಣಿಗೆ ಚರಸ್ಸೇ. ಸಣ್ಣ ಪ್ರಮಾಣಕ್ಕೆ ಹೆಚ್ಚೆಂದರೆ ಒಂದು ವರ್ಷ, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ನಡುವಿನ ಪ್ರಮಾಣಕ್ಕೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ವಾಣಿಜ್ಯ ಪ್ರಮಾಣವಾದರೆ ಹತ್ತರಿಂದ ಶುರು, ಇಪ್ಪತ್ತರವರೆಗೆ.

ನಮ್ಮವನ ಬ್ಯಾಗಿನಲ್ಲಿದ್ದದ್ದು 140 ಗ್ರಾಂ. ಅದೇ ತೂಕದ ಗಾಂಜಾ ಆಗಿದ್ದರೆ ಒಂದು ವರ್ಷದ ಮಾತು. ಉಂಡೆ ಆದ್ದರಿಂದ ಹತ್ತು ವರ್ಷದ ಮಾತು. ನಲವತ್ತು ಗ್ರಾಂ, ಒಂದು ಸಣ್ಣ ಬಿಸ್ಕತ್ ಪ್ಯಾಕೆಟ್ಟಿನಷ್ಟು! ಅದರಲ್ಲಿ ಬೆಲ್ಲ ಬೆರೆಸಿದ್ದರೂ ಉಳಿಯುತ್ತಿರಲಿಲ್ಲ. ಬೆರಕೆಯನ್ನೂ ಸೇರಿಸಿ ಒಟ್ಟು ತೂಕ ಹಿಡಿಯಬೇಕು ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿಬಿಟ್ಟಿದೆ.

"ಅವನಿಗೆ ಗೊತ್ತೇ ಇರಲಿಲ್ಲ ಸಾರ್" ಅಂದೆ.

"ಗೊತ್ತಿತ್ತು ಅಂತಲೇ ಕಾಯ್ದೆ ಭಾವಿಸುತ್ತಪ್ಪಾ. ಗೊತ್ತಿರಲಿಲ್ಲ ಅಂತ ಅವನೇ ತೋರಿಸಬೇಕು" ಅಂದರು ಲಾಯರು.

ಪೊಟ್ಟಣ ಕೊಟ್ಟವನ ಫೋನು ಆ ರಾತ್ರಿಯಿಂದಲೇ ಬಂದ್. ಇಸ್ಕೊಳ್ಳೋಕೆ ಬರಬೇಕಿದ್ದವನು ಯಾರು ಅನ್ನೋದು ಇವತ್ತಿಗೂ ಗೊತ್ತಿಲ್ಲ. ನಮ್ಮ ಹುಡುಗ ಐದು ತಿಂಗಳು ಒಳಗಿದ್ದು ಜಾಮೀನಿನ ಮೇಲೆ ಬಂದ. ಲೈಟ್ ಡಿಪಾರ್ಟ್‌ಮೆಂಟಿನವರು ಮತ್ತೆ ಸೇರಿಸಿಕೊಳ್ಳಲಿಲ್ಲ. 2020ರಲ್ಲಿ ಚಿತ್ರರಂಗದ ಹೆಸರು ಡ್ರಗ್ಸ್ ವಿಷಯಕ್ಕೆ ಟಿ.ವಿ.ಯಲ್ಲಿ ಹಗಲೂ ರಾತ್ರಿ ಓಡಿದ ಮೇಲೆ ಎಲ್ಲರಿಗೂ ಭಯ. ಯಾರನ್ನೂ ದೂರೋ ಹಾಗಿಲ್ಲ. ದೊಡ್ಡವರಾಗಿದ್ದರೆ ದೊಡ್ಡ ವಕೀಲರು ಬರುತ್ತಿದ್ದರು. ಇವನಿಗೆ ಅವನಮ್ಮನ ಓಲೆ ಅಡವಿಟ್ಟ ದುಡ್ಡಿನ ವಕೀಲರು.

ಅವನಮ್ಮನಿಗೆ ಇದನ್ನೆಲ್ಲ ವಿವರಿಸಿ ಹೇಳಿದೆ. ಉಜ್ಜಿದ್ದು, ಜರಡಿಯದ್ದು, ಗ್ರಾಂ ಲೆಕ್ಕ, ಎಲ್ಲ. ಕೊನೆಯವರೆಗೆ ಕೇಳಿಸಿಕೊಂಡು, "ಹುಣಸೆಹಣ್ಣಿನ ಹಾಗಿತ್ತಾ?" ಅಂದರು. ಹೂಂ ಅಂದೆ. ಒಳಗೆ ಹೋಗಿ ಕಾಫಿ ತಂದರು.

ಮುಂದಿನ ವಾಯಿದೆ ಶುಕ್ರವಾರ ಬಿದ್ದಿದೆ. ಅವತ್ತೇ ನಮ್ಮ ಹೀರೋ ಪಿಕ್ಚರ್ ರಿಲೀಸು. ಫಸ್ಟ್ ಶೋ ಹತ್ತೂವರೆಗೆ, ಕೋರ್ಟು ಹನ್ನೊಂದಕ್ಕೆ. ನೆನ್ನೆ ಫೋನ್ ಮಾಡಿ, "ಮ್ಯಾಟಿನಿಗೆ ಎರಡು ಟಿಕೆಟ್ ತೆಗೆದಿಡು ಗುರು" ಅಂದ. ತೆಗೆದಿಟ್ಟಿದ್ದೇನೆ.